ಹಿಂದಿನ ಸೀಟಿನ ಅಳತೆ

ನನ್ನ ಗಂಡನ ದೊಡ್ಡ ಬೈಕಿನಲ್ಲಿ ಮುಂದೆ ಕೂರುವವರಿಗೆ ಏನಿಲ್ಲ ಹೇಳಿ! ಗಾಳಿ ತಡೆಯಲು ಗಾಜು, ಫೋನಿಗೆ ಸ್ಟ್ಯಾಂಡು, ಕೈ ಬೆಚ್ಚಗಿಡುವ ಹಿಡಿಕೆ. ಬೆಂಗಳೂರಿನಲ್ಲಿ ಕೈ ಬೆಚ್ಚಗಿಡಬೇಕಂತೆ, ಪಾಪ. ಹಿಂದೆ ಕೂರುವ ನನಗಿದ್ದದ್ದು ಅಂಗೈಯಗಲದ ಸೀಟು ಮತ್ತು ಇವರ ಬೆನ್ನು. ಅದನ್ನೂ ಗಟ್ಟಿಯಾಗಿ ಹಿಡಿಯುವಂತಿರಲಿಲ್ಲ. "ಜಾಕೆಟ್ ಎಳೀಬೇಡ ಕಣೆ, ಬ್ಯಾಲೆನ್ಸ್ ಹೋಗುತ್ತೆ" ಎಂದು ಹನ್ನೊಂದು ವರ್ಷ ಗೊಣಗಿದ್ದಾರೆ.

ಹೋದ ವರ್ಷ ಕೋಲಾರದ ಕಡೆಯಿಂದ ಬರುವಾಗ, ಕೆ.ಆರ್. ಪುರದ ತೂಗುಸೇತುವೆ ಹತ್ತುತ್ತ, ಪಕ್ಕದ ಕಾರಿನವನ ಜೊತೆ ಪೈಪೋಟಿಗೆ ಬಿದ್ದು ಆಕ್ಸಿಲರೇಟರ್ ತಿರುವಿದರು. ನನ್ನ ಕಾಲೆರಡೂ ಮೇಲೆದ್ದವು, ಅರ್ಧ ಮೈ ಸೀಟಿನಿಂದಾಚೆ ಜಾರಿತು. ಕೈಗೆ ಜಾಕೆಟ್ಟಿನ ತುದಿ ಸಿಕ್ಕಿದ್ದಕ್ಕೆ ಬದುಕಿದೆ. ಇವರಿಗೆ ಗೊತ್ತೇ ಆಗಲಿಲ್ಲ! ನಾನು ಬಿದ್ದಿದ್ದರೆ ಮನೆ ಮುಂದೆ ನಿಂತು "ಇಳಿದು ಗೇಟು ತೆಗಿ" ಅಂದಾಗಲೇ ಗೊತ್ತಾಗುತ್ತಿದ್ದುದು.

ಅಂದಿನಿಂದ ಹಿಂದೆ ಕೂರಲು ಭಯ. ಹಾಗಂತ ಮನೆಯಲ್ಲಿ ಕೂರಲೂ ಮನಸ್ಸಿಲ್ಲ. ಊರು ದಾಟಿದ ಮೇಲಿನ ಬೆಳಗಿನ ರಸ್ತೆ ನನಗೆ ಪ್ರಾಣ. ಬೆನ್ನಿಗೆ ಬ್ಯಾಕ್‌ರೆಸ್ಟ್ ಹಾಕಿಸಿ, ಇಲ್ಲದಿದ್ದರೆ ನಾನು ಬರುವುದಿಲ್ಲ ಎಂದುಬಿಟ್ಟೆ.

"ಬ್ಯಾಕ್‌ರೆಸ್ಟಾ? ಬೈಕಿನ ಲುಕ್ಕೇ ಹೋಗುತ್ತೆ. ಎಲ್ಲಾ ನಗ್ತಾರೆ."

ಎಲ್ಲಾ ಅಂದರೆ, ಭಾನುವಾರ ಇಂದಿರಾನಗರದ ಕಾಫಿ ಅಂಗಡಿ ಮುಂದೆ ಸೇರುವ ಇವರ ಗೆಳೆಯರು. ಆಹಾ, ಏನು ವೀರರು! ಹೊಟ್ಟೆಗೆ ಅಡ್ಡಬಂದು ಜಿಪ್ ಏರದ ಜಾಕೆಟ್ ತೊಟ್ಟು, ನಿಲ್ಲಿಸಿದ ಬೈಕಿಗೆ ಒರಗಿ ಫೋಟೋ ತೆಗೆಸಿಕೊಳ್ಳುವ ಜನ. ಅವರಿಗೆ ಒರಗಲು ಬೈಕು ಬೇಕು. ಅವರಲ್ಲಿ ಒಬ್ಬನ ಹೆಂಡತಿಯೂ ಜೊತೆಗೆ ಹೋಗುವುದಿಲ್ಲ. ಯಾಕೆ ಅಂತ ಒಬ್ಬನೂ ಕೇಳಿಲ್ಲ.

ಮೂರು ಭಾನುವಾರ ನಾನು ಹೋಗಲಿಲ್ಲ. ನಾಲ್ಕನೆಯ ವಾರ, ಫೋಟೋ ತೆಗೆಯುವವರಿಲ್ಲದೆಯೋ ಏನೋ, "ನಡಿ ಶಿವಾಜಿನಗರಕ್ಕೆ" ಎಂದರು.

ಅಲ್ಲಿ ಸೀಟು ಹೊಲಿಯುವ ಅಂಗಡಿಯ ಭಾಯ್ ವಯಸ್ಸಾದವರು. ನನ್ನನ್ನು ನೋಡಿ, "ಬನ್ನಿ ಅಮ್ಮಾ, ಕೂತ್ಕೊಳ್ಳಿ, ಅಳತೆ ತಗೋಬೇಕು" ಎಂದರು.

"ಅವಳ್ಯಾಕೆ? ನಾನೇ ಹೇಳ್ತೀನಿ. ಚಿಕ್ಕದಾಗಿರ್ಲಿ, ಎದ್ದು ಕಾಣ್ಬಾರ್ದು" ಎಂದರು ಇವರು.

"ಸಾರ್, ಹಿಂದೆ ಯಾವತ್ತಾದ್ರೂ ಕೂತಿದ್ದೀರಾ?"

"ನನ್ ಬೈಕಲ್ಲಿ ನಾನ್ಯಾಕ್ರೀ ಹಿಂದೆ ಕೂತ್ಕೊಳ್ಳಲಿ?"

"ಹಂಗಾದ್ರೆ ಇವತ್ತು ಕೂತ್ಕೊಳ್ಳಿ. ಹಿಂದೆ ಕೂರದೇ ಇರೋರ ಮಾತು ಕೇಳಿ ನಾನು ಬೋಲ್ಟ್ ಹಾಕಲ್ಲ."

ಭಾಯ್ ಕೀ ಇಸಿದುಕೊಂಡು ಮುಂದೆ ಕೂತೇ ಬಿಟ್ಟರು. ಇವರು ಮುಖ ಗಂಟಿಕ್ಕಿಕೊಂಡು ಹಿಂದೆ ಹತ್ತಿದರು. ಬಿರಿಯಾನಿ ಅಂಗಡಿವರೆಗೆ ಹೋಗಿ ಬಂದದ್ದು ಅಷ್ಟೇ, ಐದು ನಿಮಿಷವೂ ಇಲ್ಲ. ಬರುವಾಗ ನಮ್ಮ ಶೂರರನ್ನು ನೋಡಬೇಕಿತ್ತು: ಮಂಡಿ ಹೊಟ್ಟೆಗೆ ತಾಗಿದೆ, ಮುಖ ಬಿಳಿಚಿಕೊಂಡಿದೆ, ಎರಡು ಮುಷ್ಟಿಯ ತುಂಬ ಭಾಯ್ ಅವರ ಜುಬ್ಬಾ!

"ಸಾರ್, ಬಂದಾಯ್ತು. ಜುಬ್ಬಾ ಬಿಡಿ" ಎಂದರು ಭಾಯ್. ನಾನು ಬೀದಿಯಲ್ಲೇ ಬಿದ್ದು ಬಿದ್ದು ನಕ್ಕೆ.

ಆಮೇಲೆ ನನ್ನನ್ನು ಕೂರಿಸಿದರು. ಬೆನ್ನ ಹಿಂದೆ ಹಲಗೆ ಹಿಡಿದು, ಎಲ್ಲಿ ನೋವು, ಎಲ್ಲಿ ತಾಗಿದರೆ ಹಿತ ಎಂದು ಕೇಳಿ ಕೇಳಿ ಸೀಮೆಸುಣ್ಣದ ಗುರುತು ಹಾಕಿದರು. ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಸೀಟಿನ ಹಿಂದಿದ್ದ ಸಾಮಾನಿನ ಕ್ಯಾರಿಯರ್ ಬಿಚ್ಚಿ, ಅದೇ ಜಾಗಕ್ಕೆ ಕಬ್ಬಿಣದ ಕಂಬಿ ಬಿಗಿದು, ಮೆತ್ತೆ ಕೂರಿಸಿ, ತಾವೇ ಅದಕ್ಕೆ ಜೋತುಬಿದ್ದು ಎಳೆದು ನೋಡಿದರು.

ವಾಪಸ್ ಬರುವಾಗ ಹಲಸೂರು ಕೆರೆಯ ಪಕ್ಕ ನಾನು ಬೆನ್ನು ಒರಗಿಸಿ, ಇವರ ಜಾಕೆಟ್ ಬಿಟ್ಟು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡೆ. ತಟ್ಟನೆ ಬೈಕು ನಿಧಾನವಾಯಿತು. ಇವರು ಹಿಂದೆ ತಿರುಗಿದರು. ಹನ್ನೊಂದು ವರ್ಷದಲ್ಲಿ ಅದೇ ಮೊದಲು.

"ಏ, ಇದ್ದೀಯಾ?"

ಹೆಲ್ಮೆಟ್ಟಿನೊಳಗೆ ಕಣ್ಣಲ್ಲಿ ಗಾಬರಿಯಿತ್ತು. ಆಗಲಿ ಅನ್ನಿಸಿತು. ಮುಂದಿನ ಸಿಗ್ನಲ್ ಬರುವವರೆಗೂ ನಾನು ಉತ್ತರ ಕೊಡಲಿಲ್ಲ.