ಬಾತುಕೋಳಿಗಳಿಗೆ ಇಟ್ಟ ಎಡೆ

ಕಮಲಾಪುರದ ಕೆರೆಗೆ ಹೋಗುವ ಭಾನುವಾರಗಳಲ್ಲಿ ನನ್ನ ಹೆಂಡತಿ ಬೆಳಿಗ್ಗೆ ಎದ್ದ ಕೂಡಲೇ ಅಲ್ಲಿನ ಬಾತುಕೋಳಿಗಳಿಗೆಂದು ಒಂದು ಹಿಡಿ ಭತ್ತ ನೆನೆಹಾಕುತ್ತಿದ್ದಳು. ಒಂದೇ ಹಿಡಿ. ಇನ್ನೊಂದು ಹಾಕು ಎಂದು ಮಗಳು ಹಟ ಮಾಡಿದರೂ ಕೇಳುತ್ತಿರಲಿಲ್ಲ.

"ಕೆರಿ ತುಂಬ ಅವಕ್ಕ ಊಟ ಐತಿ. ನಾವು ಹಾಕೋದು ನಮ್ಮ ಖುಷಿಗೆ. ಖುಷಿಗೆ ಇಷ್ಟ ಸಾಕು."

ಅವಳ ತವರು ಕಂಪ್ಲಿ. ಅವಳು ಸಣ್ಣವಳಿದ್ದಾಗ, ಕೊಯ್ಲು ಮುಗಿದ ಗದ್ದೆಗಳಿಗೆ ಆಂಧ್ರದ ಕಡೆಯಿಂದ ಬಾತುಕೋಳಿ ಮೇಯಿಸುವವರು ಬರುತ್ತಿದ್ದರಂತೆ. ಉದುರಿದ ಕಾಳು, ಹುಳ, ಹುಲ್ಲು ತಿಂದು ಅವು ಗದ್ದೆಯಿಂದ ಗದ್ದೆಗೆ ಹೋಗುತ್ತಿದ್ದವು. ಮಕ್ಕಳು ರೊಟ್ಟಿ ಚೂರು ಎಸೆದರೆ ಮೇಯಿಸುವವನು ಕೋಲು ಎತ್ತಿಕೊಂಡು ಬರುತ್ತಿದ್ದನಂತೆ. ಅಲ್ಲಿ ಕಲಿತದ್ದನ್ನು ಅವಳು ಮರೆಯಲಿಲ್ಲ. ಕೆರೆಯಲ್ಲಿರುವವು ಯಾರೂ ಸಾಕಿದವಲ್ಲ, ಅವಕ್ಕೆ ಮನುಷ್ಯರ ಕೈ ರೂಢಿಯಾಗಬಾರದು ಎಂದು ದೂರದಲ್ಲೇ ನಿಂತು ಸ್ವಲ್ಪ ಸ್ವಲ್ಪ ಎರಚುತ್ತಿದ್ದಳು. ಅವು ತಿನ್ನುವುದು ನಿಲ್ಲಿಸಿದರೆ ಇವಳೂ ನಿಲ್ಲಿಸುತ್ತಿದ್ದಳು. ನೀರಲ್ಲಿ ಉಳಿದದ್ದು ಕೊಳೆಯುತ್ತದೆ, ದಂಡೆಯಲ್ಲಿ ಉಳಿದದ್ದಕ್ಕೆ ನಾಯಿಗಳು ಬರುತ್ತವೆ ಎನ್ನುತ್ತಿದ್ದಳು.

ಒಮ್ಮೆ ನನ್ನ ಅಕ್ಕನ ಮನೆಯವರೂ ಜೊತೆಗೆ ಬಂದಿದ್ದರು. ಹಂಪಿ ಸುತ್ತಾಡಿಕೊಂಡು ಬಂದು ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಅಕ್ಕ ಒಗ್ಗರಣೆ ಮಂಡಕ್ಕಿಯನ್ನು ಬೊಗಸೆಗಟ್ಟಲೆ ನೀರಿಗೆ ಎಸೆಯತೊಡಗಿದಳು.

"ಅಕ್ಕಾರ, ಖಾರ, ಎಣ್ಣಿ ಇರೋದು ಅವಕ್ಕ ಹಾಕಬ್ಯಾಡ್ರಿ," ಎಂದಳು ನನ್ನವಳು.

"ನೋಡ್ರಲೇ, ಬಾತುಕೋಳಿಗೂ ಪಥ್ಯ ಮಾಡಸ್ತಾಳ ಇಕಿ! ಡಾಕ್ಟ್ರಮ್ಮಾ, ನಿಮ್ಮ ದವಾಖಾನಿ ಎಲ್ಲಿ ಐತ್ರಿ?" ಎಂದಳು ಅಕ್ಕ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಅಕ್ಕನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆಮೇಲೆ ಖಾಲಿಯಾದ ಡಬ್ಬಿಗಳನ್ನು ಚೀಲಕ್ಕೆ ತುಂಬಿದಳು.

ಕೆಲ ವರ್ಷಗಳ ಮೇಲೆ ಪಥ್ಯ ಅವಳ ಪಾಲಿಗೇ ಬಂತು. ಎರಡೂ ಕಿಡ್ನಿ ಕೈಕೊಟ್ಟವು. ಉಪ್ಪು ಕಡಿಮೆ, ನೀರು ಅಳೆದು, ಬಾಳೆಹಣ್ಣು ಮುಟ್ಟುವಂತಿಲ್ಲ. ಅಕ್ಕ ಅವಳನ್ನು ನೋಡಲು ಬಂದಾಗ ಒಂದು ಚಿಪ್ಪು ಬಾಳೆಹಣ್ಣನ್ನೇ ತಂದಳು.

"ಒಂದ ತಿಂದ್ರ ಏನಾಗತೈತಿ? ಬಾಯಿ ಕೆಟ್ಟಿರತೈತಿ, ಪಾಪ," ಎಂದು ಸುಲಿದು ಕೈಗಿಟ್ಟಳು.

ನನ್ನವಳು ಮತ್ತೆ ನನ್ನನ್ನು ನೋಡಿದಳು. ಬೇಡ ಎನ್ನಬೇಕಾದವನು ನಾನು. ನಾನು ಫ್ಯಾನಿನ ವೇಗ ಹೆಚ್ಚಿಸಲು ಎದ್ದೆ. ತಿರುಗಿ ನೋಡುವಷ್ಟರಲ್ಲಿ ಅರ್ಧ ಹಣ್ಣು ತಿಂದಿದ್ದಳು. ಆ ಅರ್ಧ ಹಣ್ಣಿನಿಂದ ಅವಳು ಹೋಗಲಿಲ್ಲ, ಡಾಕ್ಟರೇ ಹಾಗೆ ಹೇಳಿದರು. ನಾನು ಎದ್ದು ಹೋದದ್ದಂತೂ ಸುಳ್ಳಲ್ಲ.

ಅವಳು ತೀರಿಕೊಂಡ ವರ್ಷದ ದಿನ ಬಂತು. ಅವಳಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಫೋಟೋದ ಮುಂದೆ ಎಡೆ ಇಟ್ಟೆವು. ನಮ್ಮಲ್ಲಿ ಆ ಎಡೆಯನ್ನು ಆಕಳಿಗೆ ಕೊಡುವುದು ವಾಡಿಕೆ. ಅಕ್ಕ ಒಪ್ಪಲಿಲ್ಲ.

"ಅಕಿಗೆ ಬಾತುಕೋಳಿ ಅಂದ್ರ ಜೀವ ಇತ್ತು. ಅಕಿ ಎಡಿ ಅವಕ್ಕ ಮುಟ್ಟಲಿ. ನಡೀರಿ ಕೆರಿಗೆ."

ಅನ್ನ, ವಡೆ, ಹೋಳಿಗೆ, ಮಿರ್ಚಿ ಭಜಿ ಎಲ್ಲ ದೊಡ್ಡ ಬುಟ್ಟಿಗೆ ತುಂಬಿತು. ಎಡೆಯ ಜೊತೆ ಉಳಿದ ಅಡುಗೆಯೂ ಸೇರಿತು. ಈಗ ಕಾಲೇಜು ಓದುತ್ತಿರುವ ಮಗಳು ಬೆಳಿಗ್ಗೆಯೇ ಒಂದು ಹಿಡಿ ಭತ್ತ ನೆನೆಹಾಕಿದ್ದಳು. ಅದನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಗಾಡಿ ಹತ್ತಿದಳು. ಹೊಸಪೇಟೆಯಿಂದ ಕಮಲಾಪುರದವರೆಗೂ ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅಕ್ಕ, ಅವಳು ಇದನ್ನು ಬೇಡ ಅನ್ನುತ್ತಿದ್ದಳು. ಅಷ್ಟೇ. ಉದ್ದ ಮಾತೂ ಅಲ್ಲ.

ನಾಲ್ಕೈದು ಬಾತುಕೋಳಿಗಳು ಜೊಂಡಿನ ಬದಿಯಲ್ಲಿ ತೇಲುತ್ತಿದ್ದವು. ಅಕ್ಕ ಬುಟ್ಟಿ ಇಳಿಸಿ ಕೈಮುಗಿದಳು. ಅವಳ ಕಣ್ಣಲ್ಲಿ ನೀರಿತ್ತು, ಸುಳ್ಳು ನೀರಲ್ಲ.

"ಅಪ್ಪಾ, ಹೇಳು," ಎಂದಳು ಮಗಳು, ನನಗಷ್ಟೇ ಕೇಳುವಂತೆ.

ಅಳುವವರಿಗೆ ಈಗ ಏನು ಬುದ್ಧಿ ಹೇಳುವುದು ಎಂದುಕೊಂಡೆ. ಅದು ನೆಪ ಎಂದು ಆಗಲೇ ಗೊತ್ತಿತ್ತು. ಬಗ್ಗಿ ಚಪ್ಪಲಿಗೆ ಹತ್ತಿದ ಕೆಸರು ಒರೆಸತೊಡಗಿದೆ.

"ತಗೋರವ್ವ, ಉಣ್ರಿ, ನಿಮ್ಮವ್ವನ ಊಟ," ಎನ್ನುತ್ತಾ ಅಕ್ಕ ಬುಟ್ಟಿಯನ್ನೇ ಬೋರಲು ಹಾಕಿದಳು. ಅನ್ನ ನೀರಲ್ಲಿ ಬೆಳ್ಳಗೆ ಹರಡಿತು. ವಡೆಗಳು ದಂಡೆಯ ಮೇಲೆ ಉರುಳಿದವು. ವಾಸನೆಗೆ ಮೂರು ನಾಯಿಗಳು ಓಡಿ ಬಂದು ಕಚ್ಚಾಡತೊಡಗಿದವು. ಬಾತುಕೋಳಿಗಳು ಒಮ್ಮೆಲೇ ಎದ್ದು ಕೆರೆಯ ಆಚೆಗೆ ಹಾರಿದವು.

"ಅಯ್ಯ, ನಾಯಿನೂ ದೇವರ ಜೀವಾನ ಬಿಡ್ರಿ," ಎಂದು ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎಲ್ಲರೂ ಗಾಡಿಯ ಕಡೆಗೆ ನಡೆದರು.

ಮಗಳು ಹೋಗಲಿಲ್ಲ. ನನ್ನೆದುರು ಬಂದು ಭತ್ತದ ಗಂಟನ್ನು ಕೈಗಿಟ್ಟಳು.

"ಇದನ್ನ ಯಾರಿಗೆ ಹಾಕಬೇಕು, ಈಗಾದ್ರೂ ಹೇಳಪ್ಪ," ಎಂದು ಅವಳೂ ಹೊರಟಳು.

ಅದನ್ನು ಹಿಡಿದುಕೊಂಡೇ ಮನೆಗೆ ಬಂದೆ. ಎರಡು ದಿನಕ್ಕೆ ಭತ್ತ ಬಟ್ಟೆಯೊಳಗೇ ಮೊಳಕೆ ಒಡೆದಿತ್ತು.