ಅಂಟಿನ ಉಂಡಿಯ ಕ್ಯಾಲರಿ

ಉಂಡಿಯ ಒಂದು ಬದಿಗೆ ಅವ್ವನ ಹೆಬ್ಬೆರಳು ಒತ್ತಿದ ಗುಳಿ ಇತ್ತು. ನನ್ನ ಗಂಡ ಆ ಬದಿಯನ್ನು ಮೇಲೆ ಮಾಡಿ, ಮೊಬೈಲನ್ನು ಹತ್ತಿರ ಹಿಡಿದು ಫೋಟೊ ತೆಗೆದರು. ಖರ್ಜೂರದ ಸಿಹಿ, ಇನ್ನೂರ ತೊಂಬತ್ತು ಕ್ಯಾಲರಿ ಎಂದು ಪರದೆಯ ಮೇಲೆ ಬಂತು.

ಅದು ಅಂಟಿನ ಉಂಡಿ. ನನ್ನ ಬಾಣಂತನಕ್ಕೆಂದು ಅವ್ವ ಬಾಗಲಕೋಟೆಯಿಂದ ಅಂಟು, ಒಣಕೊಬ್ಬರಿ, ಬೆಲ್ಲ ಹೊತ್ತುಕೊಂಡು ಕೊಲ್ಲಿ ನಾಡಿನ ಅಲ್ ಖೌದ್‌ನ ನಮ್ಮ ಫ್ಲ್ಯಾಟಿಗೆ ಬಂದಿದ್ದಳು. ಉತ್ತತ್ತಿ ಮಾತ್ರ ಇಲ್ಲಿಯ ಅಂಗಡಿಯದು. ಮಗುವಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಹಾಲು ಸಾಲದೆ ಅಳುತ್ತಿತ್ತು. ನನಗೆ ಎಷ್ಟು ತಿಂದರೂ ಹಸಿವು.

ಗಂಡನ ಆಫೀಸಿನಲ್ಲಿ ತೂಕ ಇಳಿಸುವ ಪಂದ್ಯ ನಡೆದಿತ್ತು. ತಟ್ಟೆಯ ಫೋಟೊ ತೆಗೆದರೆ ಕ್ಯಾಲರಿ ಹೇಳುವ ಆ್ಯಪ್ ಅಲ್ಲಿಂದ ಮನೆಗೆ ಬಂತು. ಮೊದಲು ತಮ್ಮ ಊಟ ಅಳೆದರು, ಆಮೇಲೆ ನನ್ನದು. ನಾನು ತಟ್ಟೆಯನ್ನು ಅವರತ್ತ ಸರಿಸಿದೆ. ನನ್ನ ಮೈಯ ಬಗ್ಗೆ ಮಾತಾಡುವುದು ನನಗೆ ಯಾರೊಂದಿಗೂ ಆಗದು.

ಬರಬರುತ್ತ ಉಂಡಿ ಸಣ್ಣದಾಯಿತು. ಬಾಯಿಗಿಟ್ಟರೆ ಪುಡಿಪುಡಿ. ಅವ್ವನನ್ನು ಕೇಳಿದೆ. ಅಳಿಯನ ಎದುರು ನಿಂತು ಮಾತಾಡುವ ರೂಢಿ ಅವಳಿಗಿಲ್ಲ. ಅವರು ಓದಿ ಹೇಳಿದ ಅಂಕಿಗಳನ್ನೆಲ್ಲ ಅಡುಗೆಮನೆಯ ಬಾಗಿಲ ಮರೆಯಿಂದಲೇ ಕೇಳಿಸಿಕೊಂಡಿದ್ದಳು.

"ತುಪ್ಪ ಕಡಿಮಿ ಮಾಡೇನವಾ. ಅಳಿಯಂದಿರ ಮಾತು ಮೀರಬಾರದು" ಎಂದಳು. ಊರಿನಲ್ಲಿ, ಬಾಣಂತಿಯ ತುತ್ತು ಎಣಿಸಿದವರ ಮನೆಯ ನೀರನ್ನೂ ಮುಟ್ಟದ ಹೆಂಗಸು ಅವಳು.

ಆ ಸಂಜೆ ಗಂಡ ಸಣ್ಣ ಉಂಡಿಯ ಫೋಟೊ ತೆಗೆದರು. ಬಂದದ್ದು ಅದೇ ಇನ್ನೂರ ತೊಂಬತ್ತು.

"ನೋಡ್ರಿ ಅತ್ತಿ, ಸಣ್ಣದು ಮಾಡಿದ್ರೂ ಅಷ್ಟ ಅದ. ಆಕಿಗೆ ಅರ್ಧ ಸಾಕು."

ನಾನು ಆಹಾರ ವಿಜ್ಞಾನ ಓದಿದವಳು. ಕಾಲೇಜಿನ ಲ್ಯಾಬಿನಲ್ಲಿ ಚಿಟಿಕೆ ಆಹಾರದ ಪುಡಿಯನ್ನು ತೂಗಿ, ಆಮ್ಲಜನಕ ತುಂಬಿದ ಉಕ್ಕಿನ ಡಬ್ಬಿಯಲ್ಲಿ ಸುಟ್ಟು, ಸುತ್ತಲಿನ ನೀರು ಎಷ್ಟು ಬಿಸಿಯಾಯಿತೆಂದು ನೋಡಿ ಕ್ಯಾಲರಿ ಲೆಕ್ಕ ಹಾಕುತ್ತಿದ್ದೆವು. ಸ್ವಲ್ಪ ತಪ್ಪಿದರೂ ಮೊದಲಿನಿಂದ ಮಾಡಬೇಕಿತ್ತು. ಇಲ್ಲಿ ಒಂದು ಫೋಟೊ ನನ್ನ ಮಗುವಿನ ಹಾಲಿನ ಬಗ್ಗೆ ತೀರ್ಪು ಕೊಡುತ್ತಿತ್ತು.

"ಅದಕ್ಕ ತೂಕ ಕಾಣೂದಿಲ್ಲ, ಒಳಗಿನ ತುಪ್ಪನೂ ಕಾಣೂದಿಲ್ಲ. ಹತ್ರ ಹಿಡಿದ್ರ ಲಿಂಬಿಹಣ್ಣೂ ತೆಂಗಿನಕಾಯಿ ಆಗ್ತದ" ಎಂದೆ.

"ಇಷ್ಟ್ಯಾಕ ಸಿಟ್ಟು? ನಿನ್ನ ಸಲುವಾಗೇ ಹೇಳಿದ್ದು."

"ನನ್ನ ಸಲುವಾಗಿ ಅಂದ್ರ, ಹಸಿವು ಆಗೇದೇನು ಅಂತ ನನ್ನ ಕೇಳ್ರಿ."

ಅವರು ನಕ್ಕು, ಅಂಕಿಯನ್ನು ನನ್ನ ಹೆಸರಿನ ಕೆಳಗೆ ಸೇರಿಸಿದರು. ಅವ್ವ ಬಾಗಿಲ ಮರೆಯಿಂದ ಕಣ್ಣಲ್ಲೇ ಗದರಿಸಿದಳು, ಅವರನ್ನಲ್ಲ, ನನ್ನನ್ನು.

ಮರುದಿನ ಬೆಳಿಗ್ಗೆ, ಹಸಿಮೈಯಲ್ಲಿ ಒಲೆಯ ಮುಂದೆ ನಿಲ್ಲಬೇಡವೆಂದು ಅವ್ವ ತಡೆದರೂ ಕೇಳದೆ, ನಾನೇ ಬಾಣಲೆಗೆ ತುಪ್ಪ ಸುರಿದು ಅಂಟು ಹುರಿದೆ. ಇದ್ದ ಒಣ ಉಂಡಿಗಳನ್ನೆಲ್ಲ ಒಡೆದು ಅದರಲ್ಲಿ ಕಲಸಿ ದೊಡ್ಡದಾಗಿ ಕಟ್ಟಿದೆ. ಅವರು ಮೊಬೈಲ್ ಹಿಡಿದು ಬಂದಾಗ ತಟ್ಟೆ ಎತ್ತಿಕೊಂಡು ಮಗು ಮಲಗಿದ್ದ ಕೋಣೆಗೆ ಹೋಗಿ, ಚಿಲಕ ಹಾಕಿಕೊಂಡು, ಹೊಟ್ಟೆ ತುಂಬ ತಿಂದೆ.