ಪೂಜೆಗೆ ಕೂತ ರೈಫಲ್

ಅಮೆರಿಕದ ಲಿನ್‌ವುಡ್‌ನಲ್ಲಿ ನಮ್ಮ ಪಕ್ಕದ ಮನೆಯಾತ ನಾಗರಿಕ ಸೇನೆಯೊಂದರ ಸದಸ್ಯ. ಸರ್ಕಾರ ಕೆಟ್ಟರೆ ಜನರೇ ಬಂದೂಕು ಹಿಡಿದು ನಿಲ್ಲಬೇಕೆಂದು ನಂಬಿದ ಒಂದಷ್ಟು ಜನ ಶನಿವಾರ ಶನಿವಾರ ಕಾಡಿಗೆ ಹೋಗಿ ಕವಾಯತು ಮಾಡುತ್ತಿದ್ದರು. ತನ್ನ ರೈಫಲನ್ನು ಯಾವ ಸರ್ಕಾರವೂ ಮುಟ್ಟುವಂತಿಲ್ಲ ಎನ್ನುವುದು ಅವನ ಪಲ್ಲವಿ. ಬಂದೂಕು ಇದ್ದ ಕಡೆ ನೆಮ್ಮದಿ ಇರುವುದಿಲ್ಲ ಎನ್ನುವುದು ನನ್ನದು. ಬೇಲಿಯ ಆಚೀಚೆ ನಿಂತು ವರ್ಷವಿಡೀ ವಾದಿಸಿದೆವು, ಇಬ್ಬರೂ ಒಂದಿಂಚು ಸರಿಯಲಿಲ್ಲ.

ಆ ಸಲ ಆಯುಧಪೂಜೆ ಶುಕ್ರವಾರ ಬಂತು. ಊರಿನಿಂದ ಬಂದಿದ್ದ ನಮ್ಮತ್ತೆ ಕಾರಿಗೆ ಕುಂಕುಮ ಹಚ್ಚಿಸಿ, ಚಕ್ರದಡಿ ನಿಂಬೆಹಣ್ಣು ಇಡಿಸಿದರು. ಇದೇನೆಂದು ಪಕ್ಕದವನು ಕೇಳಿದ. ಮಹಾ ಬುದ್ಧಿವಂತನಂತೆ ನಾನು, ನಮ್ಮ ಬದುಕು ಕಾಯುವ ವಸ್ತುಗಳಿಗೆ ಕೈಮುಗಿಯುವ ದಿನವೆಂದು ವಿವರಿಸಿದೆ. ಅವನ ಕಣ್ಣು ತುಂಬಿತು. ಮನೆಯೊಳಗೆ ಹೋದವನು ಗುಂಡು ತೆಗೆದ ರೈಫಲನ್ನು ಎರಡೂ ಕೈಯಲ್ಲಿ ಹಿಡಿದು ತಂದ.

ನನ್ನ ಹೆಂಡತಿ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಅತ್ತೆಗೆ ಮಾತ್ರ, ಅಮೆರಿಕದಲ್ಲಿ ಪೂಜೆಗೆ ಕಂಡ ಮೊದಲ ನಿಜವಾದ ಆಯುಧ ಅದು. "ಆ ಲ್ಯಾಪ್‌ಟಾಪ್ ಆಚೆ ಇಡಿ" ಎಂದು ಹಾಲಿನಲ್ಲಿ ಪೂಜೆಗೆ ಹಾಕಿದ್ದ ಮಣೆಯ ಮೇಲೆ ನನ್ನ ಕೈಲಿ ಜಾಗ ಮಾಡಿಸಿ, ರೈಫಲಿಗೆ ಅರಿಶಿನ ಕುಂಕುಮವಿಟ್ಟು, ಸೇವಂತಿಗೆ ಮುಡಿಸಿ, ಮಂಗಳಾರತಿ ಎತ್ತಿದರು.

ಪೂಜೆ ಮುಗಿದೊಡನೆ ಅವನು ಕೈಚಾಚಿದ. ಅತ್ತೆ ತಡೆದರು.

"ನಾಳೆ ಸಾಯಂಕಾಲ ವಿಜಯದಶಮಿ ಪೂಜೆ ಆಗೋವರೆಗೂ ಮುಟ್ಟಂಗಿಲ್ಲ ಅಂತ ಹೇಳಿ ಅವರಿಗೆ."

ಹೇಳಿದೆ. ನಾಳೆ ಕವಾಯತಿದೆ ಎಂದು ಅವನು ಗೋಗರೆದ. ಬಂದೂಕಿನ ವಿಷಯದಲ್ಲಿ ಮೊದಲ ಬಾರಿ ನಾನೂ ಅವನ ಪಕ್ಷ ವಹಿಸಿದೆ. ನನಗೆ ಅದು ಮನೆಯಿಂದ ತೊಲಗಿದರೆ ಸಾಕಾಗಿತ್ತು. ಅತ್ತೆ ಜಗ್ಗಲಿಲ್ಲ. ಸರ್ಕಾರಕ್ಕೆ ಬಗ್ಗದವನು ಬೂಟು ಹಾಕಿಕೊಂಡು ಬರಿಗೈಯಲ್ಲಿ ಹೊರಟ.

ಮರುದಿನ ಅವನು ಕಾಡಿಗೆ ಹೋಗಲೇ ಇಲ್ಲ. ಸೇನೆಯ ಟೋಪಿ ಹಾಕಿಕೊಂಡು ತನ್ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಬೀದಿಯಲ್ಲಿ ಕಾರು ಸುಳಿದರೆ ಬೆಚ್ಚುತ್ತಿದ್ದ, ಟಪಾಲಿನವಳು ಬಂದರೂ ಎದ್ದು ನಿಲ್ಲುತ್ತಿದ್ದ. ನಾನು ನಗಬೇಕೆಂದುಕೊಂಡೆ, ಯಾಕೋ ಆಗಲಿಲ್ಲ.

ಹಿಂದಿನ ದಿನದಿಂದ ನನ್ನ ಹೆಂಡತಿ ನನ್ನೊಡನೆ ಮಾತು ಬಿಟ್ಟಿದ್ದಳು. ರೈಫಲಿದ್ದ ಹಾಲಿಗೆ ಕಾಲಿಟ್ಟಿರಲಿಲ್ಲ. ಕೋಣೆಯ ಕಿಟಕಿಯಿಂದ ಅವನನ್ನೇ ಬಹಳ ಹೊತ್ತು ನೋಡಿದಳು.

"ಪಾಪ ರೀ, ಎಷ್ಟು ಹೆದರ್ಕೊಂಡಿದಾರೆ" ಎಂದಳು. "ಊಟಕ್ಕೆ ಕರೀರಿ. ಹಾಲಲ್ಲಿ ಅದರ ಪಕ್ಕಾನೇ ತಟ್ಟೆ ಇಡ್ತೀನಿ."